ಕೆಸರಿನಲ್ಲಿ ನೆಟ್ಟಗೆ ನಿಲ್ಲುವ ಕಡಲ ಮನೆ

ಇಂಗ್ಲೆಂಡಿನ ಪೂರ್ವ ಕರಾವಳಿಯ ಒಂದು ಅಳಿವೆ. ಬೇಸಗೆಯ ಶನಿವಾರದ ಸಂಜೆ. ಎರಡು ಗಂಟೆಗಳ ಹಿಂದೆ ದಡದ ಹುಲ್ಲಿನವರೆಗೂ ತುಂಬಿ ತುಳುಕುತ್ತಿದ್ದ ನೀರು ಈಗ ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಯುತ್ತಿದೆ. ಲಂಗರು ಹಾಕಿ ನಿಂತ ಎರಡು ಹಾಯಿದೋಣಿಗಳ ಕೆಳಗಿನಿಂದ ಸಮುದ್ರವೇ ಜಾರಿಕೊಂಡು ಹೋಗುತ್ತಿದೆ ಎನ್ನಬೇಕು.

ಮೊದಲನೆಯ ದೋಣಿ ಚೆಲುವಾದದ್ದು. ನೀಳವಾದ ಮೈ, ಕೆಳಗೆ ಆಳವಾದ ಒಂದೇ ಅಡಿರೆಕ್ಕೆ. ನೀರು ಇಳಿದಂತೆಲ್ಲ ಅದು ಒಂದು ಪಕ್ಕಕ್ಕೆ ವಾಲುತ್ತ ವಾಲುತ್ತ ಕೊನೆಗೆ ಕೆಸರಿನ ಮೇಲೆ ಮಗ್ಗುಲಾಗಿ ಒರಗಿಬಿಡುತ್ತದೆ. ಒಳಗಿದ್ದವರ ಪಾಡು ಕೇಳಬೇಕೆ? ಒಲೆಯ ಮೇಲಿನ ಪಾತ್ರೆ ಉರುಳಿದೆ, ಹಾಸಿಗೆ ಗೋಡೆಯಾಗಿದೆ, ಗೋಡೆ ಹಾಸಿಗೆಯಾಗಿದೆ. ಮುಂದಿನ ಭರತ ಬಂದು ಎತ್ತಿ ನಿಲ್ಲಿಸುವವರೆಗೆ ಹಲವು ಗಂಟೆಗಳ ಕಾಲ ಅವರಿಗೆ ಇದೇ ಗತಿ.

ಎರಡನೆಯ ದೋಣಿ ನೋಡಲು ಅಷ್ಟೇನೂ ಸೊಗಸಲ್ಲ. ಮೈ ತುಸು ದಪ್ಪ, ಬದಿಗಳು ತುಸು ಎತ್ತರ. ಆದರೆ ನೀರು ಇಳಿದಾಗ ಅದು ಎರಡು ಕಾಲೂರಿ ನಿಂತ ಹಸುವಿನ ಕರುವಿನಂತೆ ನೆಟ್ಟಗೆ ನಿಂತುಕೊಳ್ಳುತ್ತದೆ. ತಾಯಿ ಒಳಗೆ ಚಹಕ್ಕೆ ನೀರು ಕಾಯಿಸುತ್ತಾಳೆ. ಬಟ್ಟಲು ಇಟ್ಟಲ್ಲೇ ಇರುತ್ತದೆ. ಮಕ್ಕಳು ಏಣಿ ಇಳಿದು ಮರಳದಿಣ್ಣೆಯ ಮೇಲೆ ಏಡಿಗಳನ್ನು ಅಟ್ಟಿಸಿಕೊಂಡು ಓಡುತ್ತಾರೆ. ತಂದೆ ಕೈಯಲ್ಲಿ ಬ್ರಷ್ಷು ಹಿಡಿದು ಕೆಳಗಿಳಿದು, ದೋಣಿಯ ತಳಕ್ಕೆ ಅಂಟಿದ ಪಾಚಿಯನ್ನು ಉಜ್ಜಿ ತೆಗೆಯುತ್ತಾನೆ.

ಈ ಎರಡನೆಯ ದೋಣಿಯ ಹೆಸರು ವೆಸ್ಟರ್ಲಿ ಸೆಂಟಾರ್. 1969ರಲ್ಲಿ ಮೊದಲು ನೀರಿಗಿಳಿದ ಈ ಮಾದರಿಯ 2,444 ದೋಣಿಗಳು 1980ರ ವೇಳೆಗೆ ಒಂದೇ ಕಾರ್ಖಾನೆಯಿಂದ ಹೊರಬಿದ್ದವೆಂದರೆ ಯಾರಿಗಾದರೂ ಆಶ್ಚರ್ಯವಾದೀತು. ಹಾಯಿದೋಣಿಯ ವಿಹಾರವೆಂದರೆ ಶ್ರೀಮಂತರ ಸೊತ್ತು ಎಂದು ಲೋಕವು ನಂಬಿದ್ದ ಕಾಲ ಒಂದಿತ್ತು. ಶಾಲಾ ಉಪಾಧ್ಯಾಯರೂ, ಕಚೇರಿಯ ನೌಕರರೂ, ಸಣ್ಣ ವ್ಯಾಪಾರಿಗಳೂ ಹೆಂಡತಿ ಮಕ್ಕಳೊಡನೆ ಕಡಲಿಗೆ ಹೊರಡುವಂತಾದುದು ಹೇಗೆ? ಅದರ ಕಥೆ ಈ ದೋಣಿಯ ಆಕಾರದಲ್ಲಿಯೇ ಬರೆದಿದೆ.

ಎರಡು ಕಾಲಿನ ದೋಣಿ

ಹಾಯಿಯ ಬಲದಿಂದ ಸಾಗುವ ದೋಣಿಗೆ ನೀರಿನ ಕೆಳಗೆ ಒಂದು ರೆಕ್ಕೆ ಬೇಕು. ಕೀಲ್ ಎಂದು ಅದನ್ನು ಕರೆಯುತ್ತಾರೆ. ಅದು ಇಲ್ಲದಿದ್ದರೆ, ಪಕ್ಕದಿಂದ ಬೀಸುವ ಗಾಳಿಗೆ ದೋಣಿಯು ಕೆರೆಯಲ್ಲಿ ಬಿದ್ದ ಎಲೆಯಂತೆ ಅಡ್ಡಡ್ಡವಾಗಿ ತೇಲಿಹೋಗುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ಅಡಿರೆಕ್ಕೆಯು ನೀರನ್ನು ಕಚ್ಚಿ ಹಿಡಿಯುವುದರಿಂದ ಗಾಳಿಯ ಒತ್ತಡ ಮುನ್ನಡೆಯಾಗಿ ಮಾರ್ಪಡುತ್ತದೆ. ಅದಕ್ಕೆ ಇನ್ನೊಂದು ಕೆಲಸವೂ ಉಂಟು. ತಳದಲ್ಲಿ ಭಾರ ತುಂಬಿದ ಬೊಂಬೆಯನ್ನು ಎಷ್ಟು ಬಾಗಿಸಿದರೂ ಅದು ಮತ್ತೆ ಎದ್ದು ನಿಲ್ಲುವುದನ್ನು ಮಕ್ಕಳೆಲ್ಲ ಕಂಡಿದ್ದಾರೆ. ಕಬ್ಬಿಣದ ಅಥವಾ ಸೀಸದ ಅಡಿರೆಕ್ಕೆಯು ದೋಣಿಗೆ ಅದೇ ಉಪಕಾರವನ್ನು ಮಾಡುತ್ತದೆ.

ರೆಕ್ಕೆ ಎಷ್ಟು ಆಳವೋ ಅಷ್ಟೂ ಚೆನ್ನಾಗಿ ಅದು ನೀರನ್ನು ಹಿಡಿಯುತ್ತದೆ. ಆದರೆ ಆಳವಾದ ರೆಕ್ಕೆಗೆ ಆಳವಾದ ಬಂದರೂ ಬೇಕು. ಬ್ರಿಟನ್ನಿನ ಕರಾವಳಿಯ ಸ್ಥಿತಿಯೇ ಬೇರೆ. ಅಲ್ಲಿ ಹನ್ನೆರಡೂವರೆ ಗಂಟೆಗಳಿಗೊಮ್ಮೆ ಕಡಲು ಏರಿ ಇಳಿಯುತ್ತದೆ. ಅನೇಕ ಅಳಿವೆಗಳೂ ರೇವುಗಳೂ ಇಳಿತದ ಹೊತ್ತಿಗೆ ಬರಿಯ ಕೆಸರಿನ ಬಯಲುಗಳಾಗುತ್ತವೆ. ಸದಾ ನೀರಿರುವ ಜಾಗಗಳು ಕೆಲವೇ. ಅಲ್ಲಿ ದೋಣಿ ಕಟ್ಟಲು ತೆರಬೇಕಾದ ಬಾಡಿಗೆಯೂ ಹೆಚ್ಚು. ಕೆಸರಿನ ಮೇಲೆ ನಿಲ್ಲಬಲ್ಲ ದೋಣಿಗಾದರೋ ಅಗ್ಗದ ಜಾಗ ಊರೂರಿನಲ್ಲಿಯೂ ದೊರೆಯುತ್ತದೆ. ಸಂಬಳದಲ್ಲಿ ಸಂಸಾರ ನಡೆಸುವವನಿಗೆ ಈ ವ್ಯತ್ಯಾಸ ಅಲ್ಪವಲ್ಲ.

ಒಂದು ಆಳವಾದ ರೆಕ್ಕೆಗೆ ಬದಲು, ಎಡಬಲಗಳಲ್ಲಿ ಎರಡು ಗಿಡ್ಡ ರೆಕ್ಕೆಗಳನ್ನು ಇಟ್ಟರೆ ಹೇಗೆ? ಶೆಫೀಲ್ಡಿನ ಉಕ್ಕಿನ ಉದ್ಯಮಿಗಳ ಮನೆತನಕ್ಕೆ ಸೇರಿದ ರಾಬರ್ಟ್ ಬಾಲ್ಫರ್, ಮುಂದೆ ಲಾರ್ಡ್ ರಿವರ್‌ಡೇಲ್ ಎನಿಸಿಕೊಂಡವರು, 1920ರ ದಶಕದಲ್ಲಿಯೇ ಇಂಥ ದೋಣಿಯನ್ನು ಕಟ್ಟಿಸಿ ಪ್ರಯೋಗಕ್ಕೆ ತೊಡಗಿದ್ದರು. ಅವರ 'ಬ್ಲೂಬರ್ಡ್' ದೋಣಿಗಳು ಈ ಬಗೆಯ ದೋಣಿಗಳ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಆದರೂ ಬಹುಕಾಲ ದೋಣಿಗಾರರ ಕ್ಲಬ್ಬುಗಳಲ್ಲಿ ಎರಡು ಕಾಲಿನ ದೋಣಿಯೆಂದರೆ ನಗೆಚಾಟಿಕೆಯೇ ಆಗಿದ್ದಿತು. ಪಂದ್ಯ ಗೆಲ್ಲಲಾರದ ದೋಣಿ ಯಾವ ದೋಣಿ ಎಂಬುದು ಅಲ್ಲಿಯವರ ಭಾವನೆ. ಪಂದ್ಯವನ್ನೇ ಬಯಸದ ಜನರೂ ಇರಬಹುದೆಂಬುದನ್ನು ಮನಗಂಡವರು ವಿರಳ. ಹಾಗೆ ಮನಗಂಡವರಲ್ಲಿ ಒಬ್ಬರು ಡೆನಿಸ್ ರೇನರ್.

ಕಡಲನ್ನು ಕಂಡು ಬಂದವರು

1908ರಲ್ಲಿ ಹುಟ್ಟಿದ ರೇನರರಿಗೆ ಎಳೆತನದಿಂದಲೂ ದೋಣಿಯ ಹುಚ್ಚು. ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಅವರು ತಮಗಾಗಿ ಸಣ್ಣ ಹಾಯಿದೋಣಿಯೊಂದರ ನಕ್ಷೆ ಬರೆದು ಕಟ್ಟಿಸಿಕೊಂಡಿದ್ದರು. ಯುದ್ಧ ಬಂದಿತು. ನೌಕಾಪಡೆಯ ಸ್ವಯಂಸೇವಕ ದಳದ ಅಧಿಕಾರಿಯಾಗಿ ಅವರು ಅಟ್ಲಾಂಟಿಕ್ ಸಾಗರದಲ್ಲಿ ಸರಕು ಹಡಗುಗಳ ಸಾಲನ್ನು ಜಲಾಂತರ್ಗಾಮಿಗಳಿಂದ ಕಾಪಾಡುವ ಬೆಂಗಾವಲು ನೌಕೆಗಳ ನಾಯಕರಾದರು. ದೊಡ್ಡ ತೆರೆಗಳೆದುರು ಸಣ್ಣ ಹಡಗು ಹೇಗೆ ವರ್ತಿಸುತ್ತದೆ, ದಣಿದ ಮನುಷ್ಯ ಹೇಗೆ ತಪ್ಪು ಮಾಡುತ್ತಾನೆ, ನೆನೆದ ಬಟ್ಟೆಯೂ ನಿದ್ದೆಗೇಡೂ ಎಂಥ ವೀರನನ್ನಾದರೂ ಹೇಗೆ ಕುಗ್ಗಿಸುತ್ತವೆ ಎಂಬುದನ್ನೆಲ್ಲ ಅರಿಯಲು ಆ ವರ್ಷಗಳಿಗಿಂತ ಕಠಿಣವಾದ ಪಾಠಶಾಲೆ ಇನ್ನೊಂದಿರಲಾರದು.

1944ರ ಫೆಬ್ರವರಿ 20ರಂದು, ಕಾರ್ನ್‌ವಾಲಿನ ಉತ್ತರ ತೀರದ ಬಳಿ, ಅವರ ನಾಯಕತ್ವದಲ್ಲಿದ್ದ 'ವಾರಿಕ್' ಎಂಬ ಯುದ್ಧನೌಕೆಗೆ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ತಗಲಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. ಅರವತ್ತಕ್ಕೂ ಹೆಚ್ಚು ನಾವಿಕರು ಅಸುನೀಗಿದರು. ನಾಯಕರು ಬದುಕಿ ಉಳಿದರು. ತನ್ನ ಹಡಗಿನಲ್ಲಿದ್ದವರನ್ನೆಲ್ಲ ದಡಕ್ಕೆ ಮರಳಿಸಲಾಗದ ನಾಯಕನ ನೋವು ಎಂಥದೆಂಬುದನ್ನು ಬಣ್ಣಿಸುವ ಅಗತ್ಯವಿಲ್ಲ.

ಯುದ್ಧ ಮುಗಿದ ಮೇಲೆ ರೇನರರು ಬೇಸಾಯಕ್ಕೆ ತೊಡಗಿದರು, ಪುಸ್ತಕಗಳನ್ನು ಬರೆದರು. 1956ರಲ್ಲಿ ಪ್ರಕಟವಾದ ಅವರ 'ದಿ ಎನಿಮಿ ಬಿಲೋ' ಎಂಬ ಕಾದಂಬರಿಯು ಮರುವರ್ಷವೇ ಹಾಲಿವುಡ್ಡಿನಲ್ಲಿ ಚಲನಚಿತ್ರವಾಯಿತು. ಒಂದು ಯುದ್ಧನೌಕೆಗೂ ಒಂದು ಜಲಾಂತರ್ಗಾಮಿಗೂ ನಡೆಯುವ ಹೋರಾಟದ ಆ ಚಿತ್ರದಲ್ಲಿ ರಾಬರ್ಟ್ ಮಿಚಮ್ ಮತ್ತು ಕರ್ಟ್ ಯುರ್ಗೆನ್ಸ್ ಪ್ರಧಾನ ಪಾತ್ರಗಳನ್ನು ವಹಿಸಿದ್ದರು. ಹೀಗೆ ಕಡಲಿನ ಕಥೆಗಾರರೆಂದು ಹೆಸರಾದ ಮೇಲೂ ಅವರ ಮನಸ್ಸು ಸಣ್ಣ ದೋಣಿಗಳನ್ನು ಬಿಟ್ಟಿರಲಿಲ್ಲ. ಸಣ್ಣ ದೋಣಿಗಳಲ್ಲಿ ಸುರಕ್ಷಿತವಾಗಿರುವ ಬಗೆ ಹೇಗೆಂಬುದನ್ನು ಕುರಿತೇ ಅವರು ಒಂದು ಪುಸ್ತಕ ಬರೆದರು. 1960ರ ದಶಕದ ಆರಂಭದಲ್ಲಿ ಪೋರ್ಟ್ಸ್‌ಮತ್ ನಗರಕ್ಕೆ ಸಮೀಪದ ವಾಟರ್‌ಲೂವಿಲ್ ಎಂಬಲ್ಲಿ ವೆಸ್ಟರ್ಲಿ ಮರೀನ್ ಎಂಬ ಕಂಪೆನಿಯನ್ನು ಸ್ಥಾಪಿಸಿದರು. ಇಪ್ಪತ್ತೆರಡು ಅಡಿ ಉದ್ದದ 'ವೆಸ್ಟರ್ಲಿ 22' ಅಲ್ಲಿಂದ ಹೊರಬಂದಿತು. ಎರಡು ಅಡಿರೆಕ್ಕೆಗಳು, ಮಲಗಲು ಜಾಗ, ಅಡಿಗೆಗೆ ಜಾಗ. ಶ್ರೀಮಂತನಲ್ಲದವನೂ ಕೊಳ್ಳಬಹುದಾದ ಸಣ್ಣ ದೋಣಿ ಇದಾಗಿತ್ತು.

ರೇನರರು ಹೆಚ್ಚು ಕಾಲ ಬದುಕಲಿಲ್ಲ. 1967ರ ಜನವರಿಯಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. ಸೆಂಟಾರ್ ಅವರ ಕೈಯ ಕೆಲಸವಲ್ಲ. ಅವರು ಅದನ್ನು ಕಾಣಲೂ ಇಲ್ಲ. ಆದರೆ ಅವರು ಹಾಕಿದ ತಳಹದಿಯ ಮೇಲೆಯೇ ಅದು ಎದ್ದಿತು. ಕಂಪೆನಿಯು ಹೊಸ ದೋಣಿಯ ನಕ್ಷೆಗಾಗಿ ಲಾರೆಂಟ್ ಜೈಲ್ಸ್ ಸಂಸ್ಥೆಯನ್ನು ಆಶ್ರಯಿಸಿತು. ಎರಿಕ್ ಮತ್ತು ಸೂಸನ್ ಹಿಸ್ಕಾಕ್ ಎಂಬ ದಂಪತಿಗಳು 1952ರಿಂದ 1955ರವರೆಗೆ ಭೂಮಂಡಲವನ್ನು ಸುತ್ತಿಬಂದ 'ವಾಂಡರರ್ 3' ಎಂಬ ಮೂವತ್ತಡಿಯ ಮರದ ದೋಣಿಯ ನಕ್ಷೆಯು ಈ ಸಂಸ್ಥೆಯದೇ. ಸಾಗರಗಳನ್ನು ದಾಟುವ ದೋಣಿಗಳಿಗೆ ಹೆಸರಾದವರು ಈಗ ವಾರಾಂತ್ಯದ ಸಂಸಾರಕ್ಕೊಂದು ದೋಣಿಯನ್ನು ಯೋಚಿಸಬೇಕಾಯಿತು.

ಅವರು ಈ ಕೆಲಸವನ್ನು ಕೀಳೆಂದು ಬಗೆಯಲಿಲ್ಲ. ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಪರೀಕ್ಷಾ ತೊಟ್ಟಿಯಲ್ಲಿ ಸಣ್ಣ ಮಾದರಿಗಳನ್ನು ಎಳೆದು ನೋಡಿ, ಎರಡು ರೆಕ್ಕೆಗಳನ್ನು ಎಲ್ಲಿ, ಯಾವ ಕೋನದಲ್ಲಿ ಇಟ್ಟರೆ ನೀರಿನ ತಡೆ ಕಡಿಮೆಯಾಗುವುದೆಂಬುದನ್ನು ಶೋಧಿಸಿದರು. ಕೊನೆಗೆ ಅವು ಕೆಳಗೆ ಹೋದಂತೆ ಹೊರಕ್ಕೆ ಚಾಚಿಕೊಂಡವು. ಇದರ ಜಾಣ್ಮೆಯನ್ನು ಗಮನಿಸಬೇಕು. ಗಾಳಿಗೆ ದೋಣಿ ವಾಲಿದಾಗ, ವಾಲಿದ ಕಡೆಯ ರೆಕ್ಕೆಯು ನೀರಿನಲ್ಲಿ ನೆಟ್ಟಗಾಗುತ್ತದೆ. ಒಂಟಿ ರೆಕ್ಕೆಯ ದೋಣಿ ವಾಲಿದರೆ ಅದರ ಹಿಡಿತ ಕಡಿಮೆಯಾಗುತ್ತ ಹೋಗುತ್ತದೆ. ಇಲ್ಲಿಯಾದರೋ ಬೇಕಾದ ಹೊತ್ತಿಗೇ ಒಂದು ಕಾಲು ಗಟ್ಟಿಯಾಗಿ ಊರಿಕೊಳ್ಳುತ್ತದೆ. ನಗೆಗೀಡಾಗಿದ್ದ ಎರಡು ಕಾಲಿನ ದೋಣಿಗೆ ಹೀಗೆ ಮಾನ ಬಂದಿತು.

ಗಾಜಿನ ನೂಲಿನ ಒಡಲು

ನಕ್ಷೆ ಎಷ್ಟು ಚೆನ್ನಾಗಿದ್ದರೂ ದೋಣಿಯನ್ನು ಮರದಿಂದಲೇ ಕಟ್ಟಬೇಕಾಗಿದ್ದರೆ ಎರಡು ಸಾವಿರ ಸಂಸಾರಗಳಿಗೆ ಅದು ಎಟುಕುತ್ತಿರಲಿಲ್ಲ. ಮರದ ದೋಣಿಯೆಂದರೆ ಕುಶಲ ಬಡಗಿಗಳು ಹಲಗೆ ಹಲಗೆಯನ್ನಾಗಿ ಬಾಗಿಸಿ ಜೋಡಿಸಬೇಕಾದ ವಸ್ತು. ಅದು ಬಿಸಿಲಿಗೆ ಒಣಗಿದರೆ ಸಂದು ಬಿಡುತ್ತದೆ, ಮಳೆನೀರು ನಿಂತರೆ ಕೊಳೆಯುತ್ತದೆ, ಬೆಚ್ಚಗಿನ ಸಮುದ್ರಗಳಲ್ಲಿ ಹುಳುಗಳು ಕೊರೆಯುತ್ತವೆ. ವರ್ಷಕ್ಕೊಮ್ಮೆ ಉಜ್ಜಿ, ಸಂದು ತುಂಬಿ, ಬಣ್ಣ ಹಚ್ಚುವುದರಲ್ಲಿಯೇ ಯಜಮಾನನ ವಸಂತಕಾಲವೆಲ್ಲ ಕಳೆದುಹೋಗುತ್ತದೆ.

ಗಾಜನ್ನು ಕರಗಿಸಿ ಕೂದಲಿಗಿಂತ ತೆಳುವಾದ ನೂಲಾಗಿ ಎಳೆಯುವ ವಿದ್ಯೆಯು 1930ರ ದಶಕದಲ್ಲಿ ಅಮೆರಿಕದಲ್ಲಿ ಉದ್ಯಮವಾಗಿ ಬೆಳೆದಿತ್ತು. ಆ ನೂಲಿನ ಚಾಪೆಯನ್ನು ಪಾಲಿಯೆಸ್ಟರ್ ಎಂಬ ದ್ರವರೂಪದ ರಾಳದಲ್ಲಿ ನೆನೆಸಿದರೆ, ಕೆಲವು ಗಂಟೆಗಳಲ್ಲಿ ಅದು ಗಡುಸಾಗುತ್ತದೆ. ಗಾಜಿನ ನೂಲು ಎಳೆತವನ್ನು ತಾಳುತ್ತದೆ. ರಾಳವು ನೂಲುಗಳನ್ನು ಒಂದಕ್ಕೊಂದು ಬಿಗಿದು ಹಿಡಿಯುತ್ತದೆ. ಸಿಮೆಂಟಿನೊಳಗೆ ಕಬ್ಬಿಣದ ಸಲಾಕೆಗಳನ್ನು ಇಟ್ಟು ತಾರಸಿ ಹಾಕುವುದನ್ನು ನೋಡಿದವರಿಗೆ ಈ ತತ್ತ್ವವು ಹೊಸದೇನಲ್ಲ.

ದೋಣಿಯನ್ನು ಮಾಡುವ ಕ್ರಮ ಹೀಗೆ: ಮೊದಲು ದೋಣಿಯ ಹೊರಮೈಗೆ ಹೊಂದುವ ಒಂದು ದೊಡ್ಡ ಅಚ್ಚು ಸಿದ್ಧವಾಗಬೇಕು. ಅದರ ಒಳಮೈಗೆ ಮೇಣ ತಿಕ್ಕಿ ಹೊಳಪು ಕೊಟ್ಟು, ಬಣ್ಣ ಬೆರೆಸಿದ ರಾಳವನ್ನು ತೆಳುವಾಗಿ ಬಳಿಯುತ್ತಾರೆ. ದೋಣಿಯ ಹೊರಗಿನ ಹೊಳಪಿನ ಚರ್ಮ ಇದೇ. ಅದರ ಮೇಲೆ ಗಾಜಿನ ಚಾಪೆ, ರಾಳ, ಮತ್ತೆ ಚಾಪೆ, ಮತ್ತೆ ರಾಳ. ಪ್ರತಿ ಪದರದಲ್ಲಿಯೂ ಗಾಳಿಯ ಗುಳ್ಳೆ ಉಳಿಯದಂತೆ ಉರುಳೆಯಿಂದ ಒತ್ತಬೇಕು. ಗಟ್ಟಿಯಾದ ಮೇಲೆ ಅಚ್ಚಿನಿಂದ ಎತ್ತಿದರೆ ಸಂದಿಲ್ಲದ, ಮೊಳೆಯಿಲ್ಲದ ಇಡಿಯ ಒಡಲು ಕೈಸೇರುತ್ತದೆ. ಮೇಲಿನ ಮುಚ್ಚಳವನ್ನು ಬೇರೆ ಅಚ್ಚಿನಲ್ಲಿ ಮಾಡಿ ಕೂಡಿಸುತ್ತಾರೆ. ಅಚ್ಚಾದರೋ ಮುಂದಿನ ದೋಣಿಗೆ ಸಿದ್ಧವಾಗಿ ಕಾದಿರುತ್ತದೆ. ಒಬ್ಬನಿಗೇ ಸಲ್ಲಬೇಕಾಗಿದ್ದ ನಕ್ಷೆಯ ಖರ್ಚು ಸಾವಿರಾರು ಜನರಿಗೆ ಹಂಚಿಹೋಗುತ್ತದೆ.

ಮೊದಮೊದಲು ಜನರು ಇದನ್ನು ನಂಬಲಿಲ್ಲ. 1951ರಲ್ಲಿ ಅಮೆರಿಕದಲ್ಲಿ ಸಿಡ್ನಿ ಹೆರೆಶಾಫ್ ಅವರ ನಕ್ಷೆಯಂತೆ 'ಏರಿಯನ್' ಎಂಬ ನಲವತ್ತೆರಡು ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿ ಆಯಿತು. ಆದರೆ ಮಧ್ಯಮವರ್ಗದ ಕಣ್ಣು ತೆರೆಸಿದ್ದು 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನ. ಪಿಯರ್ಸನ್ ಮನೆತನದ ಇಬ್ಬರು ಸೋದರಸಂಬಂಧಿಗಳು, ಸ್ವೀಡನ್ ಮೂಲದ ಕಾರ್ಲ್ ಆಲ್ಬರ್ಗ್ ಎಂಬ ನಕ್ಷೆಗಾರರಿಂದ ಬರೆಸಿದ ಇಪ್ಪತ್ತೆಂಟೂವರೆ ಅಡಿಯ 'ಟ್ರೈಟನ್' ದೋಣಿಯನ್ನು ಅಲ್ಲಿ ತೋರಿಸಿದರು. ಮುಂದಿನ ಕೆಲವು ವರ್ಷಗಳಲ್ಲಿ ಏಳುನೂರಕ್ಕೂ ಹೆಚ್ಚು ಟ್ರೈಟನ್‌ಗಳು ತಯಾರಾದವು. ಹೊಸ ವಸ್ತುವಿನ ಬಲದ ಬಗೆಗೆ ಖಚಿತ ಲೆಕ್ಕ ಇನ್ನೂ ಇಲ್ಲದ ಆ ದಿನಗಳಲ್ಲಿ, ಯಾವುದಕ್ಕೂ ಇರಲಿ ಎಂದು ಒಡಲನ್ನು ದಪ್ಪವಾಗಿಯೇ ಮಾಡುತ್ತಿದ್ದರು. ಆ ಕಾಲದ ಅನೇಕ ದೋಣಿಗಳು ಅರ್ಧ ಶತಮಾನ ದಾಟಿಯೂ ಗಟ್ಟಿಯಾಗಿ ಉಳಿದಿರುವುದಕ್ಕೆ ಆ ಅಂಜಿಕೆಯೇ ಒಂದು ಕಾರಣ.

ಇಪ್ಪತ್ತಾರು ಅಡಿಯೊಳಗಿನ ಸಂಸಾರ

ಸೆಂಟಾರಿನ ಉದ್ದ 26 ಅಡಿ. ಅತಿ ಹೆಚ್ಚಿನ ಅಗಲ ಸುಮಾರು ಎಂಟೂವರೆ ಅಡಿ. ನೀರಿನ ಕೆಳಗೆ ಇಳಿಯುವ ಆಳ ಕೇವಲ 3 ಅಡಿ. ಒಟ್ಟು ತೂಕ 3,000 ಕಿಲೋಗ್ರಾಮಿಗೆ ತುಸು ಹೆಚ್ಚು. ಅದರಲ್ಲಿ 1,270 ಕಿಲೋಗ್ರಾಮು ತಳದ ಭಾರ. ಎಂದರೆ ತೂಕದ ನೂರರಲ್ಲಿ ನಲವತ್ತು ಪಾಲಿಗೂ ಹೆಚ್ಚು ಭಾರವು ದೋಣಿಯನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸಕ್ಕೇ ಮೀಸಲಾಗಿದೆ. ಹಾಯಿಗಳ ವಿಸ್ತಾರವು ಮುನ್ನೂರು ಚದರಡಿಗೆ ತುಸು ಕಡಿಮೆ. ಒಬ್ಬ ಗಂಡಸು, ಅಥವಾ ಗಂಡಹೆಂಡಿರಿಬ್ಬರೇ, ಇಳಿಸಿ ಏರಿಸಿ ನಿಭಾಯಿಸಬಹುದಾದಷ್ಟು.

ಒಳಗೆ ಆರು ಜನ ಮಲಗಬಹುದು. ರೈಲಿನ ಡಬ್ಬಿಯಲ್ಲಿ ಹಗಲಿನ ಆಸನವೇ ರಾತ್ರಿಯ ಹಾಸಿಗೆಯಾಗುವುದನ್ನು ಬಲ್ಲವರಿಗೆ ಇದರ ಗುಟ್ಟು ತಿಳಿದೀತು. ಮೂತಿಯ ಕಡೆಯ ಸಣ್ಣ ಕೋಣೆಯಲ್ಲಿ ಎರಡು ಹಾಸಿಗೆಗಳು. ಅಲ್ಲಿಂದ ಹಿಂದಕ್ಕೆ ಬಾಗಿಲುಳ್ಳ ಶೌಚದ ಗೂಡು. ಮಧ್ಯದಲ್ಲಿ ಊಟದ ಮೇಜು. ಮೇಜಿನ ಹಲಗೆಯನ್ನು ಕೆಳಗಿಳಿಸಿ ಮೇಲೆ ಮೆತ್ತೆ ಹಾಸಿದರೆ ಅದೇ ಇಬ್ಬರ ಹಾಸಿಗೆ. ಹೊರಗೆ ಚುಕ್ಕಾಣಿ ಹಿಡಿದವನು ಕುಳಿತ ಆಸನದ ಕೆಳಗೂ ಒಂದು ಮಲಗುವ ಗವಿ ಉಂಟು. ಸಾಮಾನ್ಯ ಎತ್ತರದ ಮನುಷ್ಯನು ನಡುಮನೆಯಲ್ಲಿ ತಲೆ ತಗ್ಗಿಸದೆ ನಿಲ್ಲಬಹುದು. ಸಣ್ಣ ದೋಣಿಯಲ್ಲಿ ಇದು ಎಂಥ ಸುಖವೆಂಬುದನ್ನು, ಎರಡು ದಿನ ಬಗ್ಗಿ ನಡೆದವರನ್ನು ಕೇಳಬೇಕು.

ಸಂಸಾರಗಳ ಅಭಿರುಚಿಗೆ ತಕ್ಕಂತೆ ಒಳಗಿನ ಏರ್ಪಾಟನ್ನೂ ಮೂರು ಬಗೆಯಲ್ಲಿ ಒದಗಿಸಿದರು. ಒಂದರಲ್ಲಿ ಅಡಿಗೆಯ ಕಟ್ಟೆ ಊಟದ ಮೇಜಿನ ಎದುರಿಗೆ. ಇನ್ನೊಂದರಲ್ಲಿ ಅದು ಒಳಗಿಳಿಯುವ ಮೆಟ್ಟಲಿನ ಬಳಿ. ಇದು ಬರಿಯ ಅಲಂಕಾರದ ಪ್ರಶ್ನೆಯಲ್ಲ. ತೆರೆಗಳ ಮೇಲೆ ದೋಣಿಯ ಮೂತಿ ತೊಟ್ಟಿಲಂತೆ ಏರಿಳಿಯುತ್ತದೆ. ನಡುಭಾಗವೂ ಹಿಂಭಾಗವೂ ಅಷ್ಟಾಗಿ ಅಲುಗುವುದಿಲ್ಲ. ಮೆಟ್ಟಲಿನ ಬಳಿ ತಂಗಾಳಿಯೂ ಸಿಕ್ಕುತ್ತದೆ. ಅಡಿಗೆ ಮಾಡುವವರಿಗೆ ವಾಕರಿಕೆ ಬರುವ ಸಂಭವ ಕಡಿಮೆ. ಹೊರಗೆ ಕುಳಿತವರ ಕೈಗೆ ಚಹದ ಬಟ್ಟಲನ್ನು ನೇರವಾಗಿ ದಾಟಿಸಲೂಬಹುದು.

ಅಡಿಗೆಯ ಅನಿಲದ ವಿಷಯದಲ್ಲಂತೂ ದೋಣಿಯ ಗೃಹಿಣಿಗೆ ಮನೆಯವಳಿಗಿಂತ ಹೆಚ್ಚಿನ ಎಚ್ಚರ ಬೇಕು. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದದ್ದು. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದು ಹೊರಹಾಕಬಹುದು. ದೋಣಿಯಲ್ಲಿ ಅದು ಬಟ್ಟಲಿನ ತಳದ ನೀರಿನಂತೆ ಒಡಲಿನ ತಳದಲ್ಲಿ ಶೇಖರವಾಗುತ್ತದೆ. ಅಲ್ಲಿಗೆ ಒಂದು ಕಿಡಿ ತಗಲಿದರೆ ಸಾಕು. ಆದಕಾರಣ ಸಿಲಿಂಡರನ್ನು ಒಳಗಿಡದೆ, ಸೋರಿದ ಅನಿಲವು ಹೊರಗೆ ಸಮುದ್ರದ ಕಡೆಗೆ ಹರಿದುಹೋಗುವ ಪ್ರತ್ಯೇಕ ಗೂಡಿನಲ್ಲಿ ಇಡತಕ್ಕದ್ದು.

ಇನ್ನು ಯಂತ್ರದ ಮಾತು. ಶುದ್ಧ ಹಾಯಿಗಾರರಿಗೆ ಯಂತ್ರವೆಂದರೆ ಮೂಗು ಮುರಿಯುವ ವಿಷಯ. ಸೆಂಟಾರಿನಲ್ಲಾದರೋ ಅದರ ಗಾತ್ರಕ್ಕೆ ಧಾರಾಳವೆನ್ನಬಹುದಾದ ಡೀಸೆಲ್ ಯಂತ್ರವನ್ನು ಇರಿಸಿದರು. ಏಕೆಂದರೆ ಭಾನುವಾರದ ಮಧ್ಯಾಹ್ನ ಗಾಳಿ ನಿಂತುಹೋಗಬಹುದು. ಆದರೆ ಸೋಮವಾರದ ಬೆಳಿಗ್ಗೆ ಕಚೇರಿಯ ಬಾಗಿಲು ತೆರೆಯುವುದು ನಿಲ್ಲುವುದಿಲ್ಲ. ಕತ್ತಲಾಗುವ ಮುನ್ನ ಮಕ್ಕಳನ್ನು ದಡಕ್ಕೆ ಸೇರಿಸಬೇಕಾದ ತಂದೆಗೆ ಹಾಯಿಯ ಮರ್ಯಾದೆಗಿಂತ ಯಂತ್ರದ ಸದ್ದೇ ಹಿತವಾಗಿ ಕೇಳಿಸೀತು.

ಅದೇ ಉದ್ದ, ಬೇರೆ ಉತ್ತರ

ನಕ್ಷೆಗಾರಿಕೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಪಡೆಯಲು ಬಾರದು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳಬೇಕು. ಇದನ್ನು ಅರಿಯಲು ಸೆಂಟಾರಿನ ಪಕ್ಕದಲ್ಲಿ, ಇಂಗ್ಲೆಂಡಿನಲ್ಲೇ 1960ರ ದಶಕದ ನಡುವಿನಲ್ಲಿ ಹುಟ್ಟಿದ 'ಕಾಂಟೆಸ್ಸಾ 26' ಎಂಬ ಇನ್ನೊಂದು ಫೈಬರ್‌ಗ್ಲಾಸ್ ದೋಣಿಯನ್ನು ನಿಲ್ಲಿಸಿ ನೋಡಬೇಕು. ಉದ್ದ ಹೆಚ್ಚುಕಡಿಮೆ ಅಷ್ಟೇ. ಆದರೆ ಕಾಂಟೆಸ್ಸಾ ಒಂದಡಿಯಷ್ಟು ಕಿರಿದು. ನೀರಿನಲ್ಲಿ ಒಂದಡಿ ಹೆಚ್ಚು ಆಳ. ಒಂದೇ ಉದ್ದನೆಯ ಅಡಿರೆಕ್ಕೆ. ಮೈ ತಗ್ಗಾಗಿ ನೀಳವಾಗಿ ನೀರನ್ನು ಕತ್ತರಿಸಿ ಹೋಗುತ್ತದೆ. ಇಂಥ ಒಂದು ಕಾಂಟೆಸ್ಸಾದಲ್ಲಿಯೇ ಅಮೆರಿಕದ ತಾನಿಯಾ ಆಯ್ಬಿ ಎಂಬ ತರುಣಿ 1985ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಿಂದ ಹೊರಟು 1987ರಲ್ಲಿ ಪ್ರಪಂಚವನ್ನು ಸುತ್ತಿ ಮರಳಿದಳು. ಆ ದೋಣಿಯ ಹೆಸರು 'ವರುಣ'! ನಮ್ಮ ಜಲದೇವತೆಯ ಹೆಸರು ಅಟ್ಲಾಂಟಿಕ್, ಪೆಸಿಫಿಕ್ ಸಾಗರಗಳ ಮೇಲೆ ಹೀಗೆ ಸಂಚರಿಸಿತು.

ಆದರೆ ಅದೇ ಕಾಂಟೆಸ್ಸಾದಲ್ಲಿ ತಂದೆ, ತಾಯಿ, ಮೂವರು ಮಕ್ಕಳು, ಜೊತೆಗೆ ಒಬ್ಬ ಅತ್ತೆಯೂ ಮೂರು ದಿನ ಮಳೆಯಲ್ಲಿ ಕಳೆಯಬೇಕಾದರೆ? ತಲೆಯೆತ್ತಿ ನಿಲ್ಲಲು ಎಡೆಯಿಲ್ಲ; ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಸೆಂಟಾರ್ ವೇಗವನ್ನು ಕೊಟ್ಟು ಎಡೆಯನ್ನು ಕೊಂಡಿತು. ಸೊಬಗನ್ನು ಕೊಟ್ಟು ನೆಮ್ಮದಿಯನ್ನು ಕೊಂಡಿತು. ಅದರ ಎತ್ತರದ ಬದಿಗಳು ಗಾಳಿಗೆ ಅಡ್ಡವಾಗುವುದು ನಿಜ. ಆ ಎತ್ತರದಿಂದಲೇ ಒಳಗೆ ಮನೆಯಾಯಿತು. ಮೂತಿಯ ಬಳಿ ಮೈಯಲ್ಲಿ ಒಂದು ಮಡಿಕೆಯನ್ನಿಟ್ಟು ಬದಿಯನ್ನು ಹೊರಕ್ಕೆ ಚಾಚಿದುದರಿಂದ ತೆರೆಯ ತುಂತುರು ಹಿಂದೆ ಕುಳಿತ ಮಕ್ಕಳ ಮುಖಕ್ಕೆ ಬಡಿಯದೆ ಆಚೆಗೆ ಚಿಮ್ಮುತ್ತದೆ. ಗ್ರೀಕರ ಪುರಾಣದಲ್ಲಿ ಸೆಂಟಾರ್ ಎಂದರೆ ಅರ್ಧ ಮನುಷ್ಯ, ಅರ್ಧ ಕುದುರೆ. ನಮ್ಮ ಕಿನ್ನರರನ್ನು ನೆನಪಿಗೆ ತರುವ ಜೀವಿ. ಅರ್ಧ ದೋಣಿ, ಅರ್ಧ ಮನೆಯಾದ ಈ ವಸ್ತುವಿಗೆ ಆ ಹೆಸರು ಒಪ್ಪುತ್ತದೆ.

ಗುಣದೊಡನೆ ದೋಷ

ಹೀಗೆಂದು ಈ ದೋಣಿಯಲ್ಲಿ ಕೊರತೆಯೇ ಇಲ್ಲವೆಂದು ಭಾವಿಸಬಾರದು. ಎರಡು ರೆಕ್ಕೆಗಳೆಂದರೆ ನೀರು ತಾಗುವ ಮೈ ಹೆಚ್ಚು, ತಡೆಯೂ ಹೆಚ್ಚು. ಎದುರುಗಾಳಿಯಲ್ಲಿ ಓರೆಯೋರೆಯಾಗಿ ಸಾಗುವಾಗ ಒಂಟಿ ರೆಕ್ಕೆಯ ದೋಣಿಯು ಇದನ್ನು ಹಿಂದೆ ಹಾಕುತ್ತದೆ. ಲಂಗರು ಹಾಕಿ ಮಲಗಿದ ರಾತ್ರಿ ಸಣ್ಣ ಅಲೆಗಳು ಎರಡು ರೆಕ್ಕೆಗಳ ನಡುವೆ ಸಿಕ್ಕಿ ತಳಕ್ಕೆ ಬಡಿಯುವ ಸದ್ದು ನಿದ್ದೆಗೆಡಿಸುವುದುಂಟು.

ದೊಡ್ಡ ದೋಷವು ಅದರ ದೊಡ್ಡ ಗುಣದ ಬೆನ್ನಿಗೇ ಅಂಟಿಕೊಂಡಿದೆ. ಮೆತ್ತನೆಯ ಕೆಸರಿನ ಮೇಲೆ ಇಳಿದು ನಿಲ್ಲುವುದು ಬೇರೆ. ಗಟ್ಟಿ ಮರಳಿನ ಮೇಲೆ ಅಲೆಗಳಿರುವಾಗ ಮತ್ತೆಮತ್ತೆ ಎತ್ತಿ ಕುಕ್ಕಿಸಿಕೊಳ್ಳುವುದು ಬೇರೆ. ಪ್ರತಿ ಕುಕ್ಕಿಗೂ ಹೊರಚಾಚಿದ ರೆಕ್ಕೆಗಳು ತಮ್ಮ ಬುಡವನ್ನು ಪಕ್ಕಕ್ಕೆ ತಿರುಚುತ್ತವೆ. ಹಲವು ವರ್ಷಗಳ ನಂತರ ಕೆಲವು ದೋಣಿಗಳಲ್ಲಿ ರೆಕ್ಕೆಯು ಒಡಲನ್ನು ಸೇರುವಲ್ಲಿ ಬಿರುಕು ಕಾಣಿಸಿಕೊಂಡಿತು. ಮೊದಮೊದಲ ದೋಣಿಗಳನ್ನು ಕೊಂಡವರು ಆ ಭಾಗಕ್ಕೆ ಒಳಗಿನಿಂದ ಹೆಚ್ಚಿನ ಪದರಗಳನ್ನೂ ಅಡ್ಡಪಟ್ಟಿಗಳನ್ನೂ ಹಾಕಿಸಿ ಬಲಪಡಿಸಬೇಕಾಯಿತು. ಹಳೆಯ ಸೆಂಟಾರ್ ಕೊಳ್ಳಹೊರಟ ಬುದ್ಧಿವಂತನು ಇಂದಿಗೂ ಮೊದಲು ಮೆತ್ತೆಯ ಬಣ್ಣವನ್ನು ನೋಡದೆ ನೆಲಹಲಗೆಯನ್ನೆತ್ತಿ ರೆಕ್ಕೆಯ ಬುಡವನ್ನು ನೋಡುತ್ತಾನೆ.

ಫೈಬರ್‌ಗ್ಲಾಸಿಗೆ ತನ್ನದೇ ಆದ ಕಾಯಿಲೆಯೂ ಉಂಟೆಂಬುದು ನಿಧಾನವಾಗಿ ಬೆಳಕಿಗೆ ಬಂದಿತು. ಹೊಳಪಿನ ಚರ್ಮದ ಮೂಲಕ ನೀರು ಅತ್ಯಲ್ಪ ಪ್ರಮಾಣದಲ್ಲಿ ಒಳಸೇರಿ, ರಾಳದಲ್ಲಿ ಉಳಿದ ರಾಸಾಯನಿಕಗಳೊಡನೆ ಕೂಡಿ, ಚರ್ಮದಡಿಯಲ್ಲಿ ಹುಳಿಯಾದ ದ್ರವದ ಗುಳ್ಳೆಗಳನ್ನು ಎಬ್ಬಿಸುತ್ತದೆ. ಸಾಮಾನ್ಯವಾಗಿ ಇದು ದೋಣಿಯ ಪ್ರಾಣಕ್ಕೇನೂ ಅಪಾಯವಲ್ಲ. ಆದರೆ ಚಿಕಿತ್ಸೆಯು ಖರ್ಚಿನದು. ಹಳೆಯ ಚರ್ಮವನ್ನು ಸುಲಿದು, ತಿಂಗಳುಗಟ್ಟಲೆ ಒಣಗಿಸಿ, ಇಪಾಕ್ಸಿ ರಾಳದ ಹೊಸ ಚರ್ಮವನ್ನು ಕೊಡಬೇಕು. ಎಂದೂ ಕೆಡದ ವಸ್ತು ಎಂಬ ಮಾತು ಕಡಲಿನ ಮುಂದೆ ನಿಲ್ಲಲಿಲ್ಲ.

ಮುಗಿಯದ ಆಯುಸ್ಸು

ಕಂಪೆನಿಯು 1970ರ ದಶಕದಲ್ಲಿ ಬ್ರಿಟನ್ನಿನ ಅತಿ ದೊಡ್ಡ ಹಾಯಿದೋಣಿ ತಯಾರಕರಲ್ಲಿ ಒಂದಾಗಿ ಮೆರೆಯಿತು. ಬಳಿಕ ಏಳುಬೀಳುಗಳನ್ನು ಕಂಡು, 2000ದ ಸುಮಾರಿಗೆ ಅದರ ಬಾಗಿಲು ಮುಚ್ಚಿತು. ಕಾರ್ಖಾನೆ ಹೋಯಿತು, ದೋಣಿಗಳು ಉಳಿದವು. ಮರದ ದೋಣಿಯಾಗಿದ್ದರೆ ಆರೈಕೆ ತಪ್ಪಿದೊಡನೆ ಕೊಳೆತು ಮಣ್ಣು ಸೇರುತ್ತಿತ್ತು. ಗಾಜಿನ ನೂಲಿನ ಒಡಲು ಹಾಗೆ ಸಾಯಲೊಲ್ಲದು. ಒಮ್ಮೆ ಗಡುಸಾದ ರಾಳವನ್ನು ಮತ್ತೆ ಕರಗಿಸಿ ಬೇರೆ ಅಚ್ಚಿಗೆ ಹೊಯ್ಯಲೂ ಬಾರದು. ಯಜಮಾನರು ಕೈಬಿಟ್ಟ ಹಳೆಯ ದೋಣಿಗಳು ಅಳಿವೆಯ ಮೂಲೆಮೂಲೆಗಳಲ್ಲಿ ಬಿದ್ದಿರುವುದು ಇಂದು ಅನೇಕ ಕರಾವಳಿಗಳ ತಲೆನೋವಾಗಿದೆ. ಅಗ್ಗವಾಗಿ ಹುಟ್ಟಿಸಿದ್ದಕ್ಕೆ ತೆರಬೇಕಾದ ಬೆಲೆಯ ಲೆಕ್ಕ ಇನ್ನೂ ತೀರಿಲ್ಲ.

ಆದರೆ ಅದೇ ದೀರ್ಘಾಯುಸ್ಸಿಗೆ ಇನ್ನೊಂದು ಮುಖವೂ ಇದೆ. ಐವತ್ತು ವರ್ಷ ದಾಟಿದ ಸೆಂಟಾರ್‌ಗಳು ಈಗಲೂ ಹಾಯಿ ಬಿಚ್ಚಿ ಸಾಗುತ್ತಿವೆ. ಹೊಸ ದೋಣಿಯ ಬೆಲೆಯ ಅತಿ ಸಣ್ಣ ಅಂಶಕ್ಕೇ ಅವು ಕೈಗೆ ಸಿಗುವುದರಿಂದ, ಮೊದಲ ಬಾರಿಗೆ ಕಡಲಿಗಿಳಿಯುವ ಎಳೆಯ ದಂಪತಿಗಳು ಅವನ್ನು ಹುಡುಕಿಕೊಂಡು ಬರುತ್ತಾರೆ. ಕಿಟಕಿಯ ಸೋರಿಕೆ ನಿಲ್ಲಿಸಿ, ಯಂತ್ರವನ್ನು ಬಿಚ್ಚಿ ಜೋಡಿಸಿ, ಹಳೆಯ ಮೆತ್ತೆಗೆ ಹೊಸ ಗವುಸು ಹೊಲಿದು ಮತ್ತೆ ಮನೆ ಹೂಡುತ್ತಾರೆ.

ಅತಿ ವೇಗದ ದೋಣಿ ಯಾವುದು, ಅತಿ ಸುಂದರವಾದದ್ದು ಯಾವುದು ಎಂದು ಪಂದ್ಯದ ತೀರ್ಪುಗಾರರು ಹೇಳಬಹುದು. ಸಂಸಾರದ ದೋಣಿಗೆ ತೀರ್ಪು ಕೊಡುವವರು ಬೇರೆ. ಭಾನುವಾರದ ಸಂಜೆ ಎಲ್ಲರೂ ದಡ ಸೇರಿದರೆ? ಸೇರಿದವರಲ್ಲಿ ಯಾರ ಮುಖದಲ್ಲಿಯೂ ಭಯವಿಲ್ಲದಿದ್ದರೆ? ಮಕ್ಕಳು ಕೆಸರಿನ ಕಾಲು ತೊಳೆಯುತ್ತ, ಮುಂದಿನ ಶನಿವಾರ ಯಾವಾಗ ಬರುತ್ತದೆ ಎಂದು ಕೇಳಿದರೆ? ತನ್ನ ಹಡಗಿನ ನಾವಿಕರನ್ನು ಕಡಲಿಗೆ ಒಪ್ಪಿಸಿ ಬಂದ ಒಬ್ಬ ನಾಯಕನು ತೊಡಗಿಸಿದ ಕೆಲಸಕ್ಕೆ ಇದಕ್ಕಿಂತ ಬೇರೆ ಬಹುಮಾನ ಬೇಕೆ?